ಮರದ ನೆಲಕ್ಕೆ ಮೇಣದ ಹೊಳಪು: ಒಂದು ಗೃಹಕೃತ್ಯದ ಇತಿಹಾಸ

ಪ್ರತಿದಿನವೂ ನಡೆಯುವ ಕೆಲಸಕ್ಕೆ ಚರಿತ್ರೆ ಇರುವುದೆಂಬ ಭಾವನೆ ಜನರಲ್ಲಿ ಸುಲಭವಾಗಿ ಹುಟ್ಟುವುದಿಲ್ಲ. ಅರಮನೆಯನ್ನು ಕಟ್ಟಿಸಿದ ದೊರೆಯ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಅದರ ನೆಲವನ್ನು ನೂರಾರು ವರ್ಷ ಉಜ್ಜಿದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಆದರೆ ಒಂದು ದೇಶದ ಮರ, ನೀರು, ಹವೆ, ಯಜಮಾನ ಮತ್ತು ಆಳುಗಳ ಸಂಬಂಧ ಇವೆಲ್ಲವೂ ನೆಲದ ಮೇಲೆಯೇ ಕೂಡಿಕೊಂಡಿರುವುದರಿಂದ, ನೆಲವನ್ನು ಶುಚಿಮಾಡುವ ಕ್ರಮವನ್ನು ವಿಚಾರಿಸುವುದು ಆ ದೇಶದ ಜನಜೀವನವನ್ನೇ ವಿಚಾರಿಸಿದಂತೆ ಆಗುವುದು.

ಕನ್ನಡನಾಡಿನಲ್ಲಿ ನೆಲವನ್ನು ಸಾರಿಸುವುದೆಂದೊಡನೆ ನೀರು ಮತ್ತು ಸಗಣಿಯ ನೆನಪಾಗುವುದು ಸಹಜ. ಮಣ್ಣಿನ ನೆಲಕ್ಕೂ ಗಾರೆಯ ನೆಲಕ್ಕೂ ನೀರು ಮಿತ್ರ. ಯೂರೋಪಿನ ಮರದ ನೆಲಕ್ಕಾದರೋ ನೀರೇ ಶತ್ರು. ಅಲ್ಲಿ ಜೇನುಮೇಣವನ್ನು ಸವರಿ, ತಿಕ್ಕಿ, ಮತ್ತೆ ಕಾಲಾಂತರದಲ್ಲಿ ಹಳೆಯ ಮೇಣವನ್ನು ಹೆರೆದು ತೆಗೆದು ಹೊಸದನ್ನು ಹಚ್ಚುವ ಪದ್ಧತಿಯೊಂದು ಬೆಳೆದುಬಂದಿತು. ಈ ಪದ್ಧತಿಯು ಕೇವಲ ವೈಭವಪ್ರದರ್ಶನಕ್ಕಾಗಿ ಹುಟ್ಟಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ದೊರೆಯುವ ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಅವಶ್ಯಕತೆ ಮೊದಲು, ವೈಭವ ಅನಂತರ ಎಂಬುದು ವಿದಿತವಾಗುವುದು.

ನೆಲಕ್ಕೆ ಹೊಳಪು ಬರುವುದಕ್ಕೆ ಎರಡು ಕೆಲಸಗಳು ನಡೆಯಬೇಕು. ಮೇಲೆದ್ದುದನ್ನು ತೆಗೆಯುವುದು ಒಂದು. ಒಳಗಿನ ರಂಧ್ರಗಳನ್ನು ತುಂಬುವುದು ಮತ್ತೊಂದು. ಈ ಎರಡು ತತ್ತ್ವಗಳೂ ಬಹು ಪುರಾತನವಾದುವು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಭಾಗವನ್ನು ನೆಲಗಟ್ಟಿನ ವಿಚಾರದಿಂದಲೇ ಆರಂಭಿಸಿದ್ದಾನೆ. ಕಲ್ಲಿನ ಬಿಲ್ಲೆಗಳನ್ನು ಹಾಸಿದ ಮೇಲೆ ಅಂಚುಗಳು ಏರುತಗ್ಗಾಗದಂತೆ ತೇಯಬೇಕೆಂದೂ, ಆಮೇಲೆ ಅಮೃತಶಿಲೆಯ ಪುಡಿಯನ್ನು ಉದುರಿಸಿ ಸುಣ್ಣಮರಳಿನ ಲೇಪವನ್ನು ಕೊಡಬೇಕೆಂದೂ ಅವನು ಹೇಳುತ್ತಾನೆ. ಬಯಲಿನಲ್ಲಿರುವ ನೆಲಗಟ್ಟಿನ ಸಂದುಗಳಿಗೆ ಪ್ರತಿವರ್ಷವೂ ಚಳಿಗಾಲಕ್ಕೆ ಮುಂಚೆ ಆಲಿವ್ ಎಣ್ಣೆಯ ಗಷ್ಟನ್ನು ಕುಡಿಸಿದರೆ ಹಿಮದ ತಂಪು ಒಳಹೊಗದೆಂಬುದೂ ಅವನ ಮತ. ತೇಯುವುದು, ತುಂಬುವುದು, ವರ್ಷಕ್ಕೊಮ್ಮೆ ನವೀಕರಿಸುವುದು ಎಂಬ ಮೂರು ಕ್ರಮಗಳೂ ಇಲ್ಲಿ ಆಗಲೇ ಇವೆ. ಕಲ್ಲಿನ ಬದಲು ಮರವೂ, ಎಣ್ಣೆಯ ಗಷ್ಟಿನ ಬದಲು ಮೇಣವೂ ಬಂದುದು ಎಷ್ಟೋ ಶತಮಾನಗಳ ಅನಂತರದ ಮಾತು.

ಈ ಬದಲಾವಣೆಗೆ ಪ್ರಸಿದ್ಧವಾದ ನಿದರ್ಶನವು ಫ್ರಾನ್ಸಿನ ವರ್ಸಾಯ್ ಅರಮನೆಯಲ್ಲಿ ದೊರೆಯುತ್ತದೆ. ಹದಿನಾಲ್ಕನೆಯ ಲೂಯಿ ದೊರೆಯು ೧೬೮೨ರಲ್ಲಿ ತನ್ನ ಆಸ್ಥಾನವನ್ನು ಅಲ್ಲಿಗೆ ಸಾಗಿಸಿದನು. ಅರಮನೆಯ ಮಹಡಿಯ ಕೋಣೆಗಳಿಗೆ ಅಮೃತಶಿಲೆಯನ್ನು ಹಾಸಿದ್ದರು. ನೋಡುವುದಕ್ಕೆ ಅದು ಘನವಾಗಿತ್ತು. ಆದರೆ ಆ ಕಲ್ಲನ್ನು ಹೊತ್ತಿದ್ದುದು ಮರದ ತೊಲೆಗಳು. ಕಲ್ಲನ್ನು ಪದೇ ಪದೇ ತೊಳೆಯಬೇಕಾಗಿದ್ದುದರಿಂದ ನೀರು ಸಂದುಗಳಲ್ಲಿ ಇಳಿದು ತೊಲೆಗಳನ್ನು ಕೊಳೆಯಿಸತೊಡಗಿತು. ಈ ಕಾರಣದಿಂದ ೧೬೮೪ರಲ್ಲಿ ಅಮೃತಶಿಲೆಯನ್ನು ತೆಗೆದು, ಓಕ್ ಮರದ ಚೌಕಗಳನ್ನು ಕೂಡಿಸಿದ ನೆಲವನ್ನು ಹಾಕಿದರು. ಪಟ್ಟಿಗಳು ಓರೆಯಾಗಿ ಒಂದರೊಳಗೊಂದು ಹೆಣೆದುಕೊಂಡಂತೆ ಕಾಣುವ ಆ ವಿನ್ಯಾಸವು ಇಂದಿಗೂ ವರ್ಸಾಯ್ ಪಾರ್ಕೆ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪಾರ್ಕೆ ಎಂಬ ಶಬ್ದಕ್ಕೆ ಮೂಲದಲ್ಲಿ ಚಿಕ್ಕ ಆವರಣ ಎಂದಷ್ಟೇ ಅರ್ಥ. ಅಮೃತಶಿಲೆಯನ್ನು ಬಿಟ್ಟು ಮರವನ್ನು ಆರಿಸಿಕೊಂಡುದು ಅರಸನ ಬಡತನದಿಂದಲೂ ಅಲ್ಲ, ಶೋಕಿಯಿಂದ ಮಾತ್ರವೂ ಅಲ್ಲ; ತೊಲೆಗಳು ಕೊಳೆಯುತ್ತಿದ್ದುದರಿಂದ ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು.

ಮರದ ನೆಲವನ್ನು ಹಾಸಿದ ಮೇಲೆ ಅದನ್ನು ನೀರಿನಿಂದ ತೊಳೆಯುವುದು ಆಗದ ಮಾತು. ತೇವವನ್ನು ಹೀರಿದಾಗ ಹಲಗೆಯು ಅಡ್ಡಗಲವಾಗಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಸಂದುಗಳು ಬಾಯಿಬಿಡುತ್ತವೆ, ಅಂಚುಗಳು ಮೇಲೇಳುತ್ತವೆ. ನೀರಿಲ್ಲದೆ ಶುಚಿಯಾಗಬೇಕಾದರೆ ಕೊಳೆಯು ಮರದೊಳಕ್ಕೆ ಇಳಿಯದಂತೆ ಮೇಲೆಯೇ ತಡೆಯಬೇಕು. ಈ ತಡೆಯನ್ನು ಒದಗಿಸಿದುದು ಜೇನುಮೇಣ. ಜೇನುಹುಳುವಿನ ಹೊಟ್ಟೆಯ ಕೆಳಭಾಗದ ಗ್ರಂಥಿಗಳಿಂದ ಒಸರುವ ಈ ಮೇಣವು ಸುಮಾರು ೬೨ರಿಂದ ೬೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ತಣ್ಣಗಾದಾಗ ಗಟ್ಟಿಯಾಗಿ ನಿಂತರೂ, ತಿಕ್ಕಿದಾಗ ಹುಟ್ಟುವ ಅಲ್ಪ ಶಾಖಕ್ಕೆ ಮೆದುವಾಗಿ ಹರಡಿಕೊಳ್ಳುತ್ತದೆ. ಇದರ ಹೊಳಪಿನ ರಹಸ್ಯವೆಲ್ಲ ಈ ಗುಣದಲ್ಲಿಯೇ ಅಡಗಿದೆ. ಸವರಿದ ಮಾತ್ರಕ್ಕೆ ಮೇಣವು ಮಂಕಾಗಿಯೇ ಇರುವುದು. ಅದನ್ನು ಹೊಳೆಯಿಸುವುದು ತಿಕ್ಕುವ ತೋಳು ಅಥವಾ ಕಾಲು.

ಮೇಣವನ್ನು ಹದಮಾಡುವುದಕ್ಕೆ ಎರಡು ಮಾರ್ಗಗಳು ಬಳಕೆಯಲ್ಲಿದ್ದುವು. ದೇವದಾರು ಜಾತಿಯ ಮರಗಳ ಅಂಟನ್ನು ಬಟ್ಟಿಯಿಳಿಸಿ ತೆಗೆದ ಟರ್ಪೆಂಟೈನ್ ಎಣ್ಣೆಯಲ್ಲಿ ಮೇಣವನ್ನು ಕರಗಿಸುವುದು ಒಂದು ಮಾರ್ಗ. ಈ ಎಣ್ಣೆಗೆ ಬೆಂಕಿ ಬೇಗ ಹತ್ತಿಕೊಳ್ಳುವುದರಿಂದ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಮೇಣವನ್ನು ಕರಗಿಸಿ, ಒಲೆಯಿಂದ ದೂರಕ್ಕೆ ಒಯ್ದ ಮೇಲೆಯೇ ಎಣ್ಣೆಯನ್ನು ಬೆರೆಸಬೇಕಾಗಿತ್ತು. ಎರಡನೆಯ ಮಾರ್ಗದಲ್ಲಿ ಮೇಣವನ್ನು ಪೊಟ್ಯಾಷ್ ಕ್ಷಾರದೊಡನೆ ನೀರಿನಲ್ಲಿ ಕುದಿಸಿದರೆ, ಅದು ಭಾಗಶಃ ಸಾಬೂನಿನಂತಾಗಿ ನೀರಿನಲ್ಲಿ ಬೆರೆಯುತ್ತಿತ್ತು. ಇದಕ್ಕೆ ಬಣ್ಣವನ್ನೂ ಕೂಡಿಸಬಹುದಾಗಿತ್ತು. ಯಾವ ಮಾರ್ಗವಾದರೂ ಲೇಪವು ತೆಳ್ಳಗಿರಬೇಕು. ದಪ್ಪವಾದರೆ ನೆಲವು ಜಿಗುಟಾಗಿ ಧೂಳನ್ನು ಹಿಡಿದುಕೊಳ್ಳುವುದು.

ತಿಕ್ಕುವ ಕೆಲಸವು ಫ್ರಾನ್ಸಿನಲ್ಲಿ ಒಂದು ಪ್ರತ್ಯೇಕ ವೃತ್ತಿಯೇ ಆಯಿತು. ಈ ಕಸಬಿನವನನ್ನು ಫ್ರೊತ್ಯೂರ್, ಅಂದರೆ ಉಜ್ಜುವವನು, ಎಂದು ಕರೆಯುತ್ತಿದ್ದರು. ಅವನು ಗಡುಸಾದ ಕುಂಚವನ್ನು ಪಾದಕ್ಕೆ ಪಟ್ಟಿಯಿಂದ ಬಿಗಿದುಕೊಂಡು, ದೇಹದ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಕಾಲನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತ ಕೋಣೆಯ ಉದ್ದಕ್ಕೂ ಸಾಗುತ್ತಿದ್ದನು. ದೂರದಿಂದ ನೋಡಿದವರಿಗೆ ಅದು ನೃತ್ಯದಂತೆ ತೋರುತ್ತಿತ್ತು. ಮಾಡುವವನಿಗೆ ಅದು ಬೆವರಿಳಿಯುವ ದುಡಿಮೆ. ರಷ್ಯಾದೇಶದಲ್ಲಿಯೂ ಪೊಲೊತ್ಯೋರ್ ಎಂಬ ಇದೇ ವೃತ್ತಿಯವರು ಇದ್ದರು. ೧೯೬೩ರಲ್ಲಿ ಮಾಸ್ಕೋ ನಗರವನ್ನು ಕುರಿತು ತಯಾರಾದ ಒಂದು ಪ್ರಸಿದ್ಧ ಚಲಚ್ಚಿತ್ರದಲ್ಲಿ, ಲೇಖಕನೊಬ್ಬನ ಮನೆಯ ನೆಲವನ್ನು ಉಜ್ಜುತ್ತ ಸಾಹಿತ್ಯದ ಮೇಲೆ ಉಪನ್ಯಾಸ ಮಾಡುವ ಪೊಲೊತ್ಯೋರನೊಬ್ಬನ ಪಾತ್ರವಿದೆ. ಅಷ್ಟು ಈಚಿನವರೆಗೂ ಆ ಕಸಬು ಜನರ ಕಣ್ಣಿಗೆ ಪರಿಚಿತವಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ಮೇಣ ಹಚ್ಚುವುದಕ್ಕಿಂತ ಕಷ್ಟವಾದುದು ಹಳೆಯ ಮೇಣವನ್ನು ತೆಗೆಯುವುದು. ಲೇಪದ ಮೇಲೆ ಲೇಪ ಸೇರಿ, ನಡುವೆ ಧೂಳು ಸಿಕ್ಕಿಕೊಂಡು, ನೆಲವು ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ಆಗ ಟರ್ಪೆಂಟೈನಿನಿಂದ ನೆನೆಸಿ ಒರಸುವುದು, ಅಲಗಿನಿಂದ ಹೆರೆಯುವುದು, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಉಕ್ಕಿನ ನಾರಿನಿಂದ ತಿಕ್ಕುವುದು ಇವೇ ಉಪಾಯಗಳು. ಉಕ್ಕಿನ ನಾರಿನೊಡನೆ ನೀರನ್ನು ಬಳಸುವ ಹಾಗಿರಲಿಲ್ಲ. ಓಕ್ ಮರದಲ್ಲಿರುವ ಒಗರು ದ್ರವ್ಯವು ತೇವದಲ್ಲಿ ಕಬ್ಬಿಣದೊಡನೆ ಕೂಡಿದರೆ ಶಾಯಿಯಂತಹ ಕಪ್ಪು ಕಲೆ ಬೀಳುತ್ತದೆ. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಕೆಲಸಗಾರರು ಈ ನಿಯಮವನ್ನು ಅನುಭವದಿಂದ ಬಲ್ಲವರಾಗಿದ್ದರು.

ಈ ಶ್ರಮಕ್ಕೆ ಉಳಿದಿರುವ ಅತ್ಯುತ್ತಮ ದಾಖಲೆ ಬರಹವಲ್ಲ, ಚಿತ್ರ. ಗುಸ್ತಾವ್ ಕಾಯ್‌ಬಾಟ್ ಎಂಬ ಫ್ರೆಂಚ್ ಕಲಾವಿದನು ೧೮೭೫ರಲ್ಲಿ ನೆಲ ಹೆರೆಯುವವರ ಚಿತ್ರವೊಂದನ್ನು ಬರೆದನು. ಕಿಟಕಿಯ ಬೆಳಕಿನಲ್ಲಿ ಮೂವರು ಗಂಡಸರು ಬರಿಮೈಯಲ್ಲಿ ಮೊಣಕಾಲೂರಿ, ತೋಳುಗಳನ್ನು ಮುಂದಕ್ಕೆ ಚಾಚಿ ಹಲಗೆಗಳನ್ನು ಹೆರೆಯುತ್ತಿದ್ದಾರೆ. ಹೆರೆದ ಪಟ್ಟಿ ತಿಳಿಯಾಗಿದೆ, ಹೆರೆಯದ ಪಟ್ಟಿ ಕಪ್ಪಾಗಿದೆ. ಸುರುಳಿಸುರುಳಿಯಾದ ಹೊಪ್ಪಳೆಗಳು ಸುತ್ತಲೂ ಚೆಲ್ಲಿವೆ. ಪಕ್ಕದಲ್ಲಿ ಒಂದು ಸೀಸೆ ದ್ರಾಕ್ಷಾರಸ. ಪ್ಯಾರಿಸಿನ ಅಧಿಕೃತ ಕಲಾಪ್ರದರ್ಶನದ ತೀರ್ಪುಗಾರರು ಈ ಚಿತ್ರವನ್ನು ನಿರಾಕರಿಸಿದರು. ಹೊಲದ ರೈತನನ್ನು ಚಿತ್ರಿಸುವುದು ಆ ವೇಳೆಗೆ ಸಮ್ಮತವಾಗಿತ್ತು. ನಗರದ ಕೂಲಿಗಾರನನ್ನು ಮಾತ್ರ ಕಲೆಯು ಇನ್ನೂ ಒಳಕ್ಕೆ ಕರೆದಿರಲಿಲ್ಲ. ಕಾಯ್‌ಬಾಟನು ೧೮೭೬ರಲ್ಲಿ ಇಂಪ್ರೆಷನಿಸ್ಟರ ಎರಡನೆಯ ಪ್ರದರ್ಶನದಲ್ಲಿ ಅದನ್ನು ಇಟ್ಟನು. ಇಂದು ಅದು ಪ್ಯಾರಿಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿದೆ. ಸಿರಿವಂತರ ನೆಲದ ಮೇಲೆ ನಡೆದಾಡಿದವರ ಚಿತ್ರಗಳು ಅಸಂಖ್ಯವಾಗಿವೆ. ಅದೇ ನೆಲದ ಮೇಲೆ ಮೊಣಕಾಲೂರಿದವರ ಚಿತ್ರವೆಂದು ಮೊದಲು ನೆನಪಾಗುವುದು ಇದೊಂದೇ.

ಇಂಗ್ಲೆಂಡಿನ ಕ್ರಮವು ಬೇರೆಯಾಗಿತ್ತು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ಹಲಗೆಗಳನ್ನು ಮೇಣವಿಲ್ಲದೆ ಮರಳಿನಿಂದಲೂ ಕೆಲವೆಡೆ ಪರಿಮಳದ ಸೊಪ್ಪುಗಳಿಂದಲೂ ಒಣದಾಗಿ ಉಜ್ಜುವುದು ವಾಡಿಕೆಯಾಗಿತ್ತು. ಅಲ್ಲಿ ಉಜ್ಜುವ ಭಾರ ಹೆಚ್ಚಾಗಿ ಮನೆಗೆಲಸದ ಹೆಣ್ಣುಮಕ್ಕಳ ಮೇಲೆ ಬಿದ್ದಿತು. ದಿನವೂ ಗಟ್ಟಿನೆಲದ ಮೇಲೆ ಮೊಣಕಾಲೂರಿದುದರಿಂದ ಮಂಡಿಚಿಪ್ಪಿನ ಮುಂದಿನ ಚೀಲದಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಇಂಗ್ಲಿಷ್ ವೈದ್ಯರು ‘ಮನೆಗೆಲಸದವಳ ಮಂಡಿ’ ಎಂದೇ ಹೆಸರಿಟ್ಟರು. ಒಂದು ಕಸಬಿನ ಇತಿಹಾಸವನ್ನು ಒಂದು ರೋಗದ ಹೆಸರು ಇಷ್ಟು ಸ್ಪಷ್ಟವಾಗಿ ಹೇಳುವುದು ವಿರಳ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆ ಸಡಿಲವಾಗತೊಡಗಿತು. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅಗಸೆ ಎಣ್ಣೆಯನ್ನು ಗಟ್ಟಿಯಾಗಿಸಿ ಲಿನೋಲಿಯಂ ಎಂಬ ಹಾಸನ್ನು ನಿರ್ಮಿಸಿ, ೧೮೬೩ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅಮೆರಿಕದ ರೇಸೀನ್ ಪಟ್ಟಣದಲ್ಲಿ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ ೧೮೮೬ರಲ್ಲಿ ಮರದ ನೆಲಗಳ ವ್ಯಾಪಾರವನ್ನು ಕೈಗೊಂಡನು. ಕೊಂಡವರು ನೆಲವನ್ನು ಕಾಪಾಡುವ ಬಗೆಯನ್ನು ಕೇಳಲು, ಸಿದ್ಧಪಡಿಸಿದ ಮೇಣವನ್ನು ಮಾರತೊಡಗಿದನು. ಕೊನೆಗೆ ನೆಲಕ್ಕಿಂತ ಮೇಣದ ವ್ಯಾಪಾರವೇ ದೊಡ್ಡದಾಯಿತು. ಬ್ರೆಜಿಲಿನ ಒಂದು ತಾಳೆಯ ಎಲೆಗಳಿಂದ ತೆಗೆಯುವ ಕಾರ್ನೌಬ ಮೇಣವು ೮೦ ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗತಕ್ಕ ಗಟ್ಟಿ ವಸ್ತುವಾದುದರಿಂದ ಇಂತಹ ಸಿದ್ಧ ಮೇಣಗಳಲ್ಲಿ ಸೇರಿತು. ಜರ್ಮನಿಯಲ್ಲಿ ೧೯೩೭ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಎಂಬ ಕೃತಕ ದ್ರವ್ಯದಿಂದ ಮುಂದೆ ನೆಲದ ವಾರ್ನಿಷುಗಳು ತಯಾರಾಗಲು, ವರ್ಷವರ್ಷವೂ ಮೇಣ ಹಚ್ಚುವ ಅವಶ್ಯಕತೆಯೇ ಬಹುಮಟ್ಟಿಗೆ ತಪ್ಪಿತು.

ಮೆರುಗಿನ ಈ ಕಥೆಯಲ್ಲಿ ಭಾರತಕ್ಕೂ ಪಾಲುಂಟು. ಈ ದೇಶದ ಕಾಡುಗಳ ಅರಗು ಹೊರದೇಶಗಳ ಮರದ ಸಾಮಾನುಗಳಿಗೂ ನೆಲಗಳಿಗೂ ಮೆರುಗೆಣ್ಣೆಯಾಗಿ ಒದಗಿತು. ಕನ್ನಡನಾಡಿನ ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿಹಿಡಿದು, ಉಜ್ಜಾಟದ ಶಾಖದಿಂದಲೇ ಅದನ್ನು ಕರಗಿಸಿ ಹರಡಿ, ಒಣ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಫ್ರೊತ್ಯೂರನ ಕಾಲಿಗೂ ಚನ್ನಪಟ್ಟಣದ ಕೈಗೂ ತಿಳಿದಿದ್ದ ತತ್ತ್ವ ಒಂದೇ. ಇನ್ನು ಇಲ್ಲಿಯ ಮನೆಗಳಲ್ಲಿ ಕೆಂಪು ಗಾರೆಯ ನೆಲಕ್ಕೆ ಕೊಬ್ಬರಿ ಎಣ್ಣೆಯನ್ನು ಸವರಿ ಬಟ್ಟೆಯಿಂದ ತಿಕ್ಕುವ ರೂಢಿಯೂ, ವಿಟ್ರೂವಿಯಸನು ಹೇಳಿದ ರಂಧ್ರಪೂರಣದ ಕ್ರಮಕ್ಕೆ ಸಮಾನವಾದುದೇ. ಒಬ್ಬರಿಂದ ಒಬ್ಬರು ಕಲಿತರೆಂದು ಇದರಿಂದ ಸಾಧಿಸಲಾಗದು. ಒಂದೇ ಬಗೆಯ ತೊಂದರೆಯು ಬೇರೆ ಬೇರೆ ಕಡೆ ಒಂದೇ ಬಗೆಯ ಪರಿಹಾರವನ್ನು ಹುಟ್ಟಿಸಿತೆಂದು ಹೇಳುವುದೇ ಯುಕ್ತ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಮೇಣದ ನೆಲವು ಮೊದಲು ನೀರಿನ ಭಯದಿಂದ ಹುಟ್ಟಿತು; ಹೊಳಪು ಅದರ ಫಲವೇ ಹೊರತು ಕಾರಣವಲ್ಲ. ಹೊಳಪಿಗೆ ಬೆಲೆ ಬಂದ ಮೇಲೆ ಅದು ಯಜಮಾನನ ಸಿರಿಯ ಗುರುತಾಯಿತು, ಏಕೆಂದರೆ ಅಂತಹ ನೆಲವನ್ನು ಇಟ್ಟುಕೊಳ್ಳುವುದಕ್ಕೆ ಆಳುಗಳು ಬೇಕು. ಹಳೆಯ ಪದ್ಧತಿಯನ್ನು ಹೊಗಳುವವರು ಈ ಎರಡನೆಯ ಮಾತನ್ನು ಮರೆಯಬಾರದು. ಹಾಗೆಂದು ಅದನ್ನು ಹಳಿಯಬೇಕಾಗಿಯೂ ಇಲ್ಲ. ಕೃತಕ ವಾರ್ನಿಷು ಸವೆದರೆ ನೆಲವನ್ನೆಲ್ಲ ಹೆರೆಯಬೇಕಾಗುವುದು, ಪ್ರತಿ ಸಲವೂ ಮರ ತೆಳ್ಳಗಾಗುವುದು; ಮೇಣವಾದರೋ ಸವೆದಲ್ಲಿ ಮಾತ್ರ ಮತ್ತೆ ಹಚ್ಚಿದರೆ ಸಾಕು, ಬೇಡವಾದಾಗ ಮರಕ್ಕೆ ನೋವಿಲ್ಲದಂತೆ ತೆಗೆಯಬಹುದು. ಪುರಾತನ ಕಟ್ಟಡಗಳನ್ನು ಕಾಪಾಡುವವರು ಇಂದಿಗೂ ಮೇಣವನ್ನು ಕೈಬಿಡದಿರುವುದಕ್ಕೆ ಇದೇ ಕಾರಣ. ಹೆಸರಿಲ್ಲದ ಉಜ್ಜುವವರು ಬಿಟ್ಟುಹೋದ ವಿದ್ಯೆಯು ಹೀಗೆ ಅವರಿಗಿಂತ ಹೆಚ್ಚು ಕಾಲ ಬಾಳುತ್ತಿದೆ.