ಕೋಲಾರ ಚಿನ್ನದ ಗಣಿ ಮತ್ತು 1902ರ ಜೂನ್ 30

ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ಜಲವಿದ್ಯುತ್ತು ಕೋಲಾರ ಚಿನ್ನದ ಗಣಿಗಳನ್ನು ಮೊದಲ ಬಾರಿಗೆ ತಲಪಿದ ದಿನ. ಕಾವೇರಿಯ ಇತಿಹಾಸದಲ್ಲಿ ಇದನ್ನು ಎಣಿಸುವುದು ವಾಡಿಕೆಯಾದರೂ, ಯೋಜನೆಗೆ ಆಧಾರವಾದ ಗ್ರಾಹಕರು ಗಣಿಯ ಕಂಪನಿಗಳೇ ಆದುದರಿಂದ, ಈ ದಿನಾಂಕವು ಗಣಿಗಳ ಚರಿತ್ರೆಗೂ ಅಷ್ಟೇ ಸೇರತಕ್ಕದ್ದು.

ಹಿನ್ನೆಲೆ: 1880ರ ದಶಕದಿಂದ ಈ ಗಣಿಗಳ ಆಡಳಿತವನ್ನು ವಹಿಸಿದ್ದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ, ಅದಕ್ಕೂ ಮುನ್ನ ಸ್ಪೇನಿನ ಪುರಾತನ ಗಣಿನಗರವಾದ ಲಿನಾರೆಸಿನಲ್ಲಿ ಸೀಸದ ಗಣಿಗಳನ್ನು ನಡೆಸಿ, ಉಗಿಯಂತ್ರಗಳಿಂದ ನೀರೆತ್ತುವ ಕಾರ್ನ್‌ವಾಲಿನ ಪದ್ಧತಿಯಲ್ಲಿ ಪಳಗಿದ್ದಿತು. ಇಲ್ಲಿಯೂ ಉಗಿಯೇ ಮೊದಲಿನ ಆಶ್ರಯ. ಅಂದು ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ 1894ರಲ್ಲಿ ರೈಲುಮಾರ್ಗವಾದ ಮೇಲೆ ಸಾಗಣೆ ಸುಗಮವಾಯಿತಾದರೂ, ದೂರದಿಂದ ಬರಬೇಕಾದ ಕಲ್ಲಿದ್ದಲಿನ ವೆಚ್ಚ ತಗ್ಗಲಿಲ್ಲ.

ವಿದ್ಯುತ್ ಪ್ರಸರಣ: ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರರ ಪ್ರೋತ್ಸಾಹದಿಂದ, ಎಂಜಿನಿಯರ್ ಎ. ಜೆ. ಡಿ ಲಾಟ್‌ಬಿನಿಯರ್ ಕಲ್ಲಿದ್ದಲಿಗೆ ಬದಲಾಗಿ ಗಣಿಗಳಿಗೆ ಜಲವಿದ್ಯುತ್ತನ್ನು ಒದಗಿಸುವ ಯೋಜನೆಯನ್ನು ರೂಪಿಸಿದರು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ತಲಾ 720 ಕಿಲೋವಾಟಿನ ಆರು ಜನಿತ್ರಗಳಿಂದ ಯೋಜನೆ ಆರಂಭವಾಯಿತು. ಆವರ್ತನ ಸೆಕೆಂಡಿಗೆ 25. ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಪರಿವರ್ತಕಗಳ ಮೂಲಕ ಒತ್ತಡವನ್ನು 30ರಿಂದ 35 ಸಾವಿರ ವೋಲ್ಟುಗಳ ಮಟ್ಟಕ್ಕೇರಿಸಿ, ಪ್ರವಾಹವನ್ನು ಅದೇ ಪ್ರಮಾಣದಲ್ಲಿ ತಗ್ಗಿಸಿ ಕಳುಹಿಸಿ, ಗಣಿಯ ಬಳಿ ಮತ್ತೆ ಒತ್ತಡವನ್ನಿಳಿಸಲಾಗುತ್ತಿದ್ದಿತು. ಸುಮಾರು 147 ಕಿ.ಮೀ. ಉದ್ದದ ಈ ಮಾರ್ಗವು ತನ್ನ ಕಾಲದಲ್ಲಿ ಜಗತ್ತಿನ ಅತಿ ದೀರ್ಘ ಪ್ರಸರಣಮಾರ್ಗಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಏಷ್ಯಕ್ಕಂತೂ ಇಂಥದು ಹೊಸತು.

ದಿನಾಂಕದ ಸಂದರ್ಭ: ಶೇಷಾದ್ರಿ ಅಯ್ಯರರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು; ಕಾರ್ಯಾರಂಭದ ವೇಳೆಗೆ ದಿವಾನಗಿರಿಯಲ್ಲಿದ್ದವರು ಪಿ. ಎನ್. ಕೃಷ್ಣಮೂರ್ತಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿದ್ದು 1902ರ ಆಗಸ್ಟ್ 8ರಂದು. ಆದ್ದರಿಂದ ಈ ಘಟನೆ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರೀಜೆಂಟ್ ಆಡಳಿತದ ಅಂತ್ಯಘಟ್ಟಕ್ಕೆ ಸೇರುತ್ತದೆ.

ಅನಂತರ: ಬೆಂಗಳೂರಿಗೆ ವಿದ್ಯುದ್ದೀಪ ದೊರೆತದ್ದು 1905ರ ಆಗಸ್ಟ್ 5ರಂದು. ರಾಜ್ಯದ ಹಿರಿಯ ನಗರಕ್ಕೆ ಬೆಳಕು ದೊರೆಯುವುದಕ್ಕಿಂತ ಮೂರು ವರ್ಷ ಮುಂಚೆ ಗಣಿಯ ಯಂತ್ರಗಳಿಗೆ ಶಕ್ತಿ ಒದಗಿದುದು, ಮೈಸೂರಿನ ವಿದ್ಯುದೀಕರಣವು ದೀಪದ ಅಗತ್ಯದಿಂದಲ್ಲ, ಉದ್ಯಮದ ಅಗತ್ಯದಿಂದ ಆರಂಭವಾಯಿತೆಂಬುದನ್ನು ಸ್ಪಷ್ಟಪಡಿಸುತ್ತದೆ. ಗಣಿಗಾರಿಕೆ 2001ರಲ್ಲಿ ನಿಂತಿತು.