ಕಿರ್ಲೋಸ್ಕರ ರಂಟಿ ಮತ್ತು ಎಂಐಟಿ

ನಮ್ಮ ಪಾಲಬಾವಿ ಕಡೆ ಇಂಜಿನಿಯರಿಂಗ್ ಮುಗಿಸಿದ ಹುಡುಗರು ಫೋನ್ ಮಾಡಿದರೆ ಕೇಳೋದು ಒಂದೇ. "ಕಾಕಾ, ಅಮೆರಿಕದ ಎರಡು ಯುನಿವರ್ಸಿಟಿಯಿಂದ ಅಡ್ಮಿಶನ್ ಬಂದೈತಿ. ಯಾವ್ದರ ರ‍್ಯಾಂಕಿಂಗ್ ಚಲೋ ಐತಿ?"

ಈ ರ‍್ಯಾಂಕಿಂಗ್ ಅನ್ನೋದೇ ಹೊಸ ಗೀಳು. ಯು.ಎಸ್. ನ್ಯೂಸ್ ಪತ್ರಿಕೆ ಅದನ್ನು ಶುರು ಮಾಡಿದ್ದು 1983ರಲ್ಲಿ. ಅದಕ್ಕೂ ಮುಂಚೆ ನಮ್ಮ ಭಾಗದವರು ಹೇಗೆ ಆರಿಸ್ತಿದ್ದರು?

ಎತ್ತು ಕಟ್ಟಿ ಹೊಲ ಉತ್ತವರಿಗೆ ಕಿರ್ಲೋಸ್ಕರ ರಂಟಿ ಗೊತ್ತಿರಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, 1903ರಲ್ಲಿ ಕಬ್ಬಿಣದ ರಂಟಿ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ಹೆದರಿದ್ದರಂತೆ! 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ನಮ್ಮ ರಾಯಬಾಗದಲ್ಲಿ ರೈಲು ಹತ್ತಿ, ಮಿರಜ್ ದಾಟಿ ಪುಣೆ ಕಡೆ ಹೋದರೆ ಆ ಸ್ಟೇಶನ್ ಸಿಗುತ್ತೆ.

ಅವರ ಮಗ ಶಂತನುರಾವ್ ಓದಲು ಹೋದದ್ದು ಎಂಐಟಿಗೆ. 1926ರಲ್ಲಿ ಮೆಕ್ಯಾನಿಕಲ್ ಪದವಿ. ಇಂಗ್ಲೆಂಡಿನ ದೊರೆಗಳ ಕಾಲದಲ್ಲಿ ಇಂಗ್ಲೆಂಡ್ ಬಿಟ್ಟು ಅಮೆರಿಕ ಯಾಕೆ? ಅಪ್ಪ ಕೆಲಸ ಕಲಿತದ್ದೇ ಅಮೆರಿಕದ ತಾಂತ್ರಿಕ ಪತ್ರಿಕೆಗಳನ್ನು ಓದಿ. ಇನ್ನು ಎಂಐಟಿಯ ಧ್ಯೇಯವಾಕ್ಯದ ಅರ್ಥವೇ 'ಮನಸ್ಸು ಮತ್ತು ಕೈ'. ಫೌಂಡ್ರಿ ಇಟ್ಟುಕೊಂಡ ಮನೆಗೆ ಇದಕ್ಕಿಂತ ಇನ್ನೇನು ಬೇಕು? ಹಾಗಂತ ಅದು ಭಾರತೀಯರಿಗೆ ಅಪರಿಚಿತ ಜಾಗವೂ ಆಗಿರಲಿಲ್ಲ. ಪುಣೆಯ ಕೇಶವ ಮಲ್ಹಾರ ಭಟ್ 1882ರಲ್ಲೇ ಅಲ್ಲಿಗೆ ಸೇರಿದ್ದರು.

ಇಲ್ಲಿ ನಾವು ಮರೆಯೋ ಸಂಗತಿಯೊಂದಿದೆ. 1917ರ ಕಾಯ್ದೆ ಭಾರತದಿಂದ ಹೋಗುವ ಕೂಲಿಕಾರರಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು, ವಿದ್ಯಾರ್ಥಿಗಳಿಗೆ ಮಾತ್ರ ರಿಯಾಯಿತಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂದುಬಿಟ್ಟಿತು. ಆಗ ಶಂತನುರಾವ್ ಅಲ್ಲೇ ಓದ್ತಾ ಇದ್ದರು. ಅಂದರೆ ಅವರು ಕಾಲೇಜು ಆರಿಸುವಾಗ 'ಅಲ್ಲೇ ಉಳಿಯೋದು' ಅನ್ನೋದು ಲೆಕ್ಕದಲ್ಲೇ ಇರಲಿಲ್ಲ. ತಿರುಗಿ ಬರಬೇಕು, ಬಂದರೆ ಕಾರ್ಖಾನೆ ಕಾಯ್ತಾ ಇದೆ. 1965ರ ಕಾಯ್ದೆ ಬಂದ ಮೇಲೆ ಪ್ರಶ್ನೆಯೇ ಬೇರೆ ಆಯ್ತು.

ಮೊನ್ನೆ ಕೇಳಿದ ಹುಡುಗನಿಗೆ ಕಾಯೋ ಕಾರ್ಖಾನೆ ಇಲ್ಲ. ಇರೋದು ಅಪ್ಪನ ನಾಲ್ಕೆಕರೆ ಕಬ್ಬು, ಅದನ್ನೂ ಬ್ಯಾಂಕಿಗೆ ಅಡ ಇಡೋ ಮಾತು ನಡೆದಿದೆ. ದೊಡ್ಡ ಹೆಸರಿನ ಯುನಿವರ್ಸಿಟಿ ದುಡ್ಡು ಕೊಡಲ್ಲ. ಇನ್ನೊಂದು, ಯಾರೂ ಕೇಳಿರದ ಊರಿನ ಸರಕಾರಿ ಯುನಿವರ್ಸಿಟಿ, ಅಸಿಸ್ಟಂಟ್‌ಶಿಪ್ ಕೊಟ್ಟು ಫೀಸು ಮಾಫಿ ಮಾಡ್ತದೆ. "ಅದು ಒಕ್ಕಲುತನದ ಕಾಲೇಜಂತಲ್ಲ ಕಾಕಾ" ಅಂತ ಮೂಗು ಮುರಿದ. ನನಗೆ ನಗು ಬಂತು. 1862ರ ಮೋರಿಲ್ ಕಾಯ್ದೆ ಪ್ರಕಾರ ಒಕ್ಕಲುತನ ಮತ್ತು ಯಂತ್ರವಿದ್ಯೆ ಕಲಿಸಲಿ ಅಂತ ಸರಕಾರಿ ಜಮೀನಿನ ದುಡ್ಡಿನಿಂದ ಬೆಳೆದ ಸಂಸ್ಥೆಗಳವು. ಪರ್ಡ್ಯೂ, ಇಲಿನಾಯ್, ಟೆಕ್ಸಾಸ್ ಎ ಅಂಡ್ ಎಂ ಎಲ್ಲ ಅದೇ ಸಾಲು. ಇವನು ಕೈಮುಗಿಯೋ ಎಂಐಟಿಗೂ ಆ ದುಡ್ಡಿನಲ್ಲಿ ಪಾಲು ಸಿಕ್ಕಿತ್ತು :-)

2016ರ ನಿಯಮದ ಪ್ರಕಾರ ಓದು ಮುಗಿದ ಇಂಜಿನಿಯರಿಗೆ ಅಲ್ಲಿ ಒಟ್ಟು ಮೂರು ವರ್ಷ ಕೆಲಸದ ಅವಕಾಶ. ಆಮೇಲೆ ವೀಸಾ ಲಾಟರಿ. ಹೊಲ ಅಡ ಇಟ್ಟು ಲಾಟರಿ ಆಡೋದು ನನಗಂತೂ ಸರಿ ಕಾಣಲಿಲ್ಲ, ಹಾಗೇ ಹೇಳಿದೆ.

ಸಂಕೇಶ್ವರದ ಗುರುರಾಜ ದೇಶಪಾಂಡೆಯವರ ಹೆಸರನ್ನೂ ಹೇಳಿದೆ. ಮದ್ರಾಸ್ ಐಐಟಿ ಮುಗಿಸಿ ಅವರು ಎಂಎಸ್ ಮಾಡಿದ್ದು ಕೆನಡಾದ ನ್ಯೂ ಬ್ರನ್ಸ್‌ವಿಕ್ ಯುನಿವರ್ಸಿಟಿಯಲ್ಲಿ, ಪಿಎಚ್‌ಡಿ ಅಲ್ಲಿಯದೇ ಕ್ವೀನ್ಸ್‌ನಲ್ಲಿ. ನ್ಯೂ ಬ್ರನ್ಸ್‌ವಿಕ್ ಹೆಸರನ್ನು ನಮ್ಮ ಊರಲ್ಲಿ ಯಾರು ಕೇಳಿದ್ದಾರೆ? ಮುಂದೆ ಅಮೆರಿಕಕ್ಕೆ ಹೋಗಿ ಕ್ಯಾಸ್ಕೇಡ್, ಸಿಕಮೋರ್ ಕಂಪನಿ ಕಟ್ಟಿದರು. 2002ರಲ್ಲಿ ದಂಪತಿಗಳಿಬ್ಬರೂ ಸೇರಿ 2 ಕೋಟಿ ಡಾಲರ್ ಕೊಟ್ಟು ತಮ್ಮ ಹೆಸರಿನ ಸಂಶೋಧನಾ ಕೇಂದ್ರ ತೆರೆದರು. ಎಲ್ಲಿ ಅಂತೀರಿ? ತಾವು ಓದದ ಎಂಐಟಿಯಲ್ಲಿ.