ಎರಡು ಪುಸ್ತಕಗಳ ನಡುವಿನ ಪಾಠ

ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಪುಟ್ಟ ಗಾಡಿ ಕಟ್ಟುತ್ತಾನೆ ಎನ್ನಿ. ಗೇರುಗಳ ಲೆಕ್ಕ ಸರಿ, ಬರೆದ ಪ್ರೋಗ್ರಾಮೂ ಸರಿ. ಆದರೆ ಮೋಟಾರು ಹೊರಟೊಡನೆ ಗಾಡಿಯ ಮಿದುಳಾದ ಮೈಕ್ರೋಕಂಟ್ರೋಲರ್ ಎಲ್ಲ ಮರೆತು ಮೊದಲಿನಿಂದ ಆರಂಭಿಸುತ್ತದೆ. ಕಾರಣವಿಷ್ಟೆ: ನಿಂತ ಮೋಟಾರು ಹೊರಡುವಾಗ ಬಹಳ ವಿದ್ಯುತ್ತನ್ನು ಎಳೆಯುತ್ತದೆ, ಇಬ್ಬರಿಗೂ ಒಂದೇ ಬ್ಯಾಟರಿಯಾದರೆ ವೋಲ್ಟೇಜು ಕುಸಿಯುತ್ತದೆ. ತಪ್ಪು ಗೇರಿನದೂ ಅಲ್ಲ, ಪ್ರೋಗ್ರಾಮಿನದೂ ಅಲ್ಲ. ಅವೆರಡೂ ಕೂಡುವ ಜಾಗದ್ದು.

ಈ ಕೂಡುವಿಕೆಗೆ 'ಮೆಕಟ್ರಾನಿಕ್ಸ್' ಎಂಬ ಹೆಸರು ಬಿದ್ದದ್ದು ತರಗತಿಯಲ್ಲಲ್ಲ, ಉದ್ಯಮದಲ್ಲಿ. 1969ರಲ್ಲಿ ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪೆನಿಯ ಎಂಜಿನಿಯರ್ ತೆತ್ಸುರೊ ಮೋರಿ ಯಂತ್ರ ಹಾಗೂ ಎಲೆಕ್ಟ್ರಾನಿಕ್ಸ್ ಪದಗಳನ್ನು ಬೆಸೆದು ಇದನ್ನು ಟಂಕಿಸಿದರು. ಕಂಪೆನಿ ಅದನ್ನು ತನ್ನ ವ್ಯಾಪಾರಮುದ್ರೆಯಾಗಿಸಿಕೊಂಡಿತ್ತು. 1980ರ ದಶಕದಲ್ಲಿ ಹಕ್ಕು ಬಿಟ್ಟುಕೊಟ್ಟಿತು. ಪದ ಎಲ್ಲರದಾಯಿತು.

ಕೈಯಾರೆ ಕಲಿಯುವ ದಾರಿಯನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಪ್ರಮುಖರು. 1970ರ ದಶಕದಲ್ಲಿ ಅವರು ಯಂತ್ರವಿನ್ಯಾಸದ ವಿದ್ಯಾರ್ಥಿಗಳಿಗೆಲ್ಲ ಒಂದೇ ಬಗೆಯ ಬಿಡಿ ಸಾಮಾನು ಕೊಟ್ಟು, ಸ್ಪರ್ಧೆಗೆ ಯಂತ್ರ ಕಟ್ಟಿಸಿದರು. ಸಾಮಾನು ಒಂದೇ, ಹುಟ್ಟಿದ ಯಂತ್ರಗಳು ಬೇರೆ ಬೇರೆ. ಮುಂದೆ 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ರೂಪುಗೊಂಡ ಆರ್ಡುಯಿನೊ, ಇಂಥ ಕಲಿಕೆಗೆ ಅಗ್ಗದ ಮಿದುಳನ್ನು ಒದಗಿಸಿತು.

ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಋಣ ತಂತಿಗಳನ್ನು ಜೋಡಿಸಿದರೆ ನಮ್ಮ ಗಾಡಿ ಓಡುತ್ತದೆ. ಈ ಉತ್ತರವನ್ನು ಕಪ್ಪುಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಆದರೆ ನಿಂತ ಗಾಡಿಯ ಮುಂದೆ ಕುಳಿತು ಅದನ್ನು ಹುಡುಕಿದವನಿಗೆ ಮಾತ್ರ, ನಾಳೆ ಕಾರ್ಖಾನೆಯಲ್ಲಿ ಯಂತ್ರ ನಿಂತಾಗ ಎಲ್ಲಿ ನೋಡಬೇಕೆಂಬುದು ಹೊಳೆಯುತ್ತದೆ.